ಮೊಸರನ್ನಕ್ಕೆ ಮೊದಲೇ ಎದ್ದವಳು

ಎಡಗಾಲಿನ ಚಪ್ಪಲಿ ಕಳಚಿ ಬಿದ್ದದ್ದು ನನಗೆ ತಿಳಿಯಲೇ ಇಲ್ಲ. ಸಿರವಾರದ ಬಸ್ ನಿಲ್ದಾಣದಲ್ಲಿ ಒಂದು ಬಸ್ಸಿನಿಂದ ಇಳಿದು, ಮಾನ್ವಿಯ ಬಸ್ಸು ನಿಂತಿದ್ದ ಕಡೆಗೆ ನಡೆದು, ಬಾಗಿಲಿನ ಸರಳು ಹಿಡಿದು ಕಾಲೆತ್ತುವಾಗ ಬಾಳೆಹಣ್ಣಿನ ಗಾಡಿಯ ಹೆಂಗಸು ಹಿಂದಿನಿಂದ ಕೂಗಿದಳು.

"ಯಕ್ಕಾ, ಒಂದ ಚಪ್ಲಿ ಅಲ್ಲೇ ಬಿಟ್ಟು ಹೊಂಟೀರಲ್ರಿ! ಜೋಡಿ ಬ್ಯಾಡೇನು?"

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಏಪ್ರಿಲ್ ತಿಂಗಳ ಮಧ್ಯಾಹ್ನ. ಕಾದ ಸಿಮೆಂಟಿನ ಮೇಲೆ ನನ್ನ ಬರಿಗಾಲು ಇತ್ತು. ಸುಡುತ್ತಿರಬೇಕು ಎಂದು ಕಣ್ಣು ಹೇಳಿತು. ಕಾಲು ಏನೂ ಹೇಳಲಿಲ್ಲ.

ಬಸ್ಸಿನಲ್ಲಿ ಕುಳಿತ ಮೇಲೆ ಬೆರಳುಗಳನ್ನು ಉಗುರಿನಿಂದ ಒತ್ತಿ ನೋಡಿದೆ. ದಪ್ಪ ಕಾಲುಚೀಲದ ಮೇಲಿಂದ ಯಾರೋ ಒತ್ತಿದ ಹಾಗಿತ್ತು. ಅದಕ್ಕೂ ಮೊದಲು ಸೂಚನೆಗಳೇ ಇರಲಿಲ್ಲ ಎಂದಲ್ಲ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಮೈ ಒಂದು ಕಡೆಗೆ ವಾಲುತ್ತಿತ್ತು. ನಳ ಹಿಡಿದುಕೊಂಡೇ ಮುಖ ತೊಳೆಯುವುದನ್ನು ರೂಢಿ ಮಾಡಿಕೊಂಡಿದ್ದೆ. ನಾಲಿಗೆ ನುಣ್ಣಗೆ ಕೆಂಪಾಗಿ ಉರಿಯುತ್ತಿತ್ತು. ಪುಂಡಿಪಲ್ಯದ ಹುಳಿ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಹಾಜರಿ ಕರೆಯುವಾಗ ಎದುರಿಗೇ ಕುಳಿತ ಹುಡುಗಿಯ ಹೆಸರು ಮರೆತುಹೋಗುತ್ತಿತ್ತು. ಪ್ರತಿಯೊಂದಕ್ಕೂ ಒಂದು ಕಾರಣ ಹುಡುಕಿ ಇಟ್ಟಿದ್ದೆ. ಬಿಸಿಲು, ನಿದ್ದೆ, ಬಸ್ಸಿನ ಓಡಾಟ.

ಆಗ ನಾನು ದೇವದುರ್ಗದ ಒಂದು ಪದವಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ; ಈಗಲೂ ಅಲ್ಲಿಯೇ ಇದ್ದೇನೆ. ವಾರದ ದಿನಗಳಲ್ಲಿ ಅಲ್ಲಿನ ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನದ ನಂತರ ಮಾನ್ವಿಯಲ್ಲಿ ಅವ್ವನ ಮನೆ. ನಾನು ಶಾಲೆಯಲ್ಲಿದ್ದಾಗಲೇ ಅಪ್ಪ ತೀರಿಕೊಂಡರು. ಅವರ ಬದಲಿಗೆ ಸಿಕ್ಕ ನೌಕರಿಯಲ್ಲಿ ಅವ್ವ ಒಂದು ಸರಕಾರಿ ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಾಳೆ. ಮಡಿ, ಏಕಾದಶಿ, ಕಡತ, ಸಂಬಳದ ಬಿಲ್ಲು ಎಲ್ಲವನ್ನೂ ಒಂದೇ ವೇಗದಲ್ಲಿ ಮಾಡಿ ಮುಗಿಸುವ ಹೆಂಗಸು.

ನನಗಿರುವುದು ಕಾಯಿಲೆ ಎಂದು ಮೊದಲು ಹೇಳಿದವಳು ರೇಣುಕಾ. ಅವಳು ನಮ್ಮ ಕಾಲೇಜಿನಲ್ಲಿಯೇ ಸಮಾಜಶಾಸ್ತ್ರ ಕಲಿಸುತ್ತಾಳೆ. ಇಬ್ಬರೂ ಒಂದೇ ಕೋಣೆಯಲ್ಲಿದ್ದೇವೆ. ದೇವದುರ್ಗದ ಹತ್ತಿರದ ಹಳ್ಳಿಯವಳು. ಅವಳ ತಾಯಿ ಈಗಲೂ ಹತ್ತಿ ಬಿಡಿಸಲು ಹೋಗುತ್ತಾರೆ. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರವಿದೆ, ಒಲೆಯ ಮೇಲೆ ಭಾನುವಾರ ಮೀನು ಇರುತ್ತದೆ. ಒಂದು ಬೆಳಿಗ್ಗೆ ಬಚ್ಚಲಲ್ಲಿ ನಾನು ನಳ ಹಿಡಿದು ನಿಂತಿದ್ದನ್ನು ಅವಳು ನೋಡಿದಳು.

"ಕೈ ಬಿಡು. ಕಣ್ ಮುಚ್ಚಿ ನಿಂದ್ರು," ಅಂದಳು.

ನಿಂತೆ. ವಾಲಿದೆ. ಅವಳು ತೋಳು ಹಿಡಿದಳು.

"ಕುಡದಾರು ಸೈತ ನಿನಗಿಂತ ನೆಟ್ಟಗ ನಿಂದರ್ತಾರ ಬೇ."

"ಏನಿಲ್ಲ, ಬಿಸಿಲಿಗೆ..."

"ಬಿಸಿಲು ದೇವದುರ್ಗದಾಗ ಎಲ್ಲಾರಿಗೂ ಅದ. ನಾಳಿ ರಜಾ ಹಾಕು. ರಾಯಚೂರಿಗೆ ಹೋಗೂಣು."

ರಾಯಚೂರಿನ ಆ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಫ್ಯಾನು ಒಂದೇ ಇತ್ತು. ಅದರ ಕೆಳಗಿನ ಬೆಂಚು ಯಾವಾಗಲೂ ತುಂಬಿರುತ್ತಿತ್ತು. ನಮ್ಮ ಪಕ್ಕದಲ್ಲಿ ದೇವಸುಗೂರಿನಿಂದ ಗಂಡನನ್ನು ಕರೆದುಕೊಂಡು ಬಂದ ಒಬ್ಬ ಹೆಂಗಸು ಕುಳಿತಿದ್ದಳು. ಮಾತಾಡುತ್ತಾ ಮಾತಾಡುತ್ತಾ ಬುತ್ತಿಯ ಗಂಟು ಬಿಚ್ಚಿದಳು. ಜೋಳದ ರೊಟ್ಟಿ, ಹುರಿದ ಹೊಳೆ ಮೀನು. ಆಮೇಲೆ ನನ್ನ ಹಣೆಯ ಗೋಪಿಚಂದನ ನೋಡಿದಳು, ನಾನೇ ತುಂಬಿ ತಂದ ನೀರಿನ ಬಾಟಲಿ ನೋಡಿದಳು, ಗಂಟು ಮತ್ತೆ ಕಟ್ಟಿದಳು.

"ನೀವು ಆಚಾರ್ರ ಪೈಕಿ ಕಾಣ್ತೀರಿ. ವಾಸನಿ ಬರ್ತದ್ರಿ, ನಾವು ಹೊರಗ ಉಂಡು ಬರ್ತೀವಿ."

ಬಿಸಿಲಿನಲ್ಲಿ, ಮೋಟಾರು ಸೈಕಲ್ಲುಗಳ ನಡುವೆ ಕುಕ್ಕರಗಾಲಿನಲ್ಲಿ ಕುಳಿತು ಗಂಡ ಹೆಂಡತಿ ಊಟ ಮಾಡಿದರು. 'ಇಲ್ಲೇ ಉಣ್ರಿ' ಎಂಬ ಎರಡು ಮಾತು ನನ್ನ ಬಾಯಿಗೆ ಬರಲಿಲ್ಲ. ರೇಣುಕಾ ಕಿಟಕಿಯ ಕಡೆ ನೋಡುತ್ತಾ ಕುಳಿತಿದ್ದಳು. ಅವಳ ಮುಖ ನೋಡಿದಾಗ ಹೊಳೆಯಿತು: ನಮ್ಮ ಕೋಣೆಯಲ್ಲಿ ಇವಳೂ ಒಂದು ದಿನವೂ ಮೀನು ಮಾಡಿದ್ದಿಲ್ಲ. ಬೇಡ ಎಂದು ನಾನು ಹೇಳಿರಲಿಲ್ಲ. ಮಾಡು ಎಂದೂ ಹೇಳಿರಲಿಲ್ಲ.

ಡಾಕ್ಟರು ನಡುವಯಸ್ಸಿನ ಹೆಂಗಸು. ನಡುಗುವ ಕಬ್ಬಿಣದ ಕವಲೊಂದನ್ನು ನನ್ನ ಕಾಲಿನ ಗಂಟಿಗೆ ಹಿಡಿದು "ನಡಗಾಕತ್ತದೇನು?" ಎಂದು ಕೇಳಿದರು. ಅದು ನಡುಗುತ್ತಿರುವುದು ಕಾಣುತ್ತಿತ್ತು, ತಿಳಿಯುತ್ತಿರಲಿಲ್ಲ. ರಕ್ತ ಕೊಟ್ಟು, ಸಂಜೆ ವರದಿ ಹಿಡಿದು ಮತ್ತೆ ಒಳಗೆ ಹೋದೆವು.

"ಮುಂಜಾನಿಂದ ರಾತ್ರಿ ತನಕ ಏನೇನು ತಿಂತೀರಿ, ಹೇಳ್ರಿ."

ಹೇಳಿದೆ. ರೊಟ್ಟಿ, ಬೇಳೆ, ಸೊಪ್ಪು, ಶೇಂಗಾ ಚಟ್ನಿ, ಅನ್ನ, ಹೆಸರುಕಾಳು. ನನ್ನ ಊಟ ತುಂಬಿದ ಊಟ ಎಂದೇ ನಾನು ನಂಬಿದ್ದೆ. ಅವರು ತಲೆಯಾಡಿಸುತ್ತಾ ಕೇಳಿಸಿಕೊಂಡರು.

"ಹಾಲು? ಮೊಸರು?"

"ಸೇರೂದಿಲ್ರಿ ಮೇಡಂ."

"ತತ್ತಿ? ಮೀನು?"

"ಇಲ್ರಿ."

"ಹಾಲು ಮೊಸರೂ ಇಲ್ಲ, ತತ್ತಿ ಮೀನೂ ಇಲ್ಲ. ಮತ್ತ ಬಿ12 ಅನ್ನೋ ಜೀವಸತ್ವ ಎಲ್ಲಿಂದ ಬರಬೇಕ್ರಿ, ಗೋಡಿ ನೆಕ್ಕಿದ್ರ ಬರ್ತದೇನು? ನೀವು ತಿನ್ನೋದೆಲ್ಲ ಛಲೋ ಅದ. ಆದ್ರ ಇದೊಂದು ಸೊಪ್ಪಿನಾಗ ಇಲ್ಲ, ಬ್ಯಾಳ್ಯಾಗ ಇಲ್ಲ."

ರೇಣುಕಾ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ನಾನು ಕಾಲು ಪೂರ್ತಿ ಸರಿಹೋಗುತ್ತವೆಯೇ ಎಂದು ಕೇಳಿದೆ.

"ಸುಧಾರಿಸ್ತದ. ಎಷ್ಟು ಅಂತ ಈಗ ಹೇಳಂಗಿಲ್ಲ. ತಡಾ ಮಾಡಿ ಬಂದೀರಿ." ಇಂಜೆಕ್ಷನ್ನಿನ ಚೀಟಿ ಬರೆಯುತ್ತಾ ತಲೆ ಎತ್ತಿದರು. "ಮನ್ಯಾಗ ಇನ್ಯಾರದಾರ? ಅದ ಅಡಗಿ ಉಣ್ಣೋರ ರಕ್ತಾನೂ ಒಮ್ಮೆ ನೋಡೂಣು. ಕರಕೊಂಡ ಬರ್ರಿ."

"ಹೂಂನ್ರಿ" ಅಂದೆ. ಕರೆದುಕೊಂಡು ಹೋಗಲಿಲ್ಲ. ಅವ್ವನನ್ನು ಅಲ್ಲಿ ಕೂರಿಸಿದರೆ ಡಾಕ್ಟರು ಹಾಲು ಮೊಸರಿನ ಮಾತು ತೆಗೆಯುತ್ತಿದ್ದರು, ಅವ್ವ ನನ್ನ ಮುಖ ನೋಡುತ್ತಿದ್ದಳು.

ಹಾಲು ಸೇರುವುದಿಲ್ಲ ಎಂದದ್ದು ಸುಳ್ಳು. ನಡೆದದ್ದು ಇಷ್ಟು.

ನಮ್ಮ ಮನೆಯಲ್ಲಿ ಚಾತುರ್ಮಾಸದ ನಾಲ್ಕು ತಿಂಗಳು ಊಟಕ್ಕೆ ನಿಯಮವಿದೆ. ಮೊದಲ ತಿಂಗಳು ಕಾಯಿಪಲ್ಯವಿಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ತಿಂಗಳು ಮುಗಿದಾಗ, ಬಿಟ್ಟ ಪದಾರ್ಥವನ್ನು ಮೊದಲು ಯೋಗ್ಯರೊಬ್ಬರಿಗೆ ದಾನ ಕೊಡಬೇಕು. ಆಮೇಲೆ ನಾವು ತಿನ್ನಬಹುದು. ಚಿಕ್ಕಂದಿನಿಂದ ಇದನ್ನು ನಾನು ಇಷ್ಟಪಟ್ಟೇ ಮಾಡಿದ್ದೇನೆ. ತಿಂಗಳ ನಂತರ ತಟ್ಟೆಗೆ ಬೀಳುವ ಮೊದಲ ಮೊಸರನ್ನಕ್ಕೆ ಬೇರೆಯದೇ ರುಚಿ.

ನೌಕರಿಗೆ ಸೇರಿದ ವರ್ಷ, ಮೊಸರಿನ ತಿಂಗಳು ಮುಗಿದ ದಿನ ನಾನು ದೇವದುರ್ಗದಲ್ಲಿದ್ದೆ. ಹೊಸ ಊರು; ಪರಿಚಯವಿದ್ದವಳು ಕೋಣೆಯ ರೇಣುಕಾ ಒಬ್ಬಳೇ. ಅಂಗಡಿಯಿಂದ ಮೊಸರು ತಂದು ಬಟ್ಟಲಿಗೆ ಹಾಕಿ, ಮೇಲೆ ತುಳಸಿ ಇಟ್ಟೆ. ಅರ್ಚಕರ ಮನೆ ಎಲ್ಲಿದೆ ಎಂದು ಓಣಿಯಲ್ಲಿ ಒಬ್ಬರನ್ನು ಕೇಳಿದ್ದರೆ ಮುಗಿಯುತ್ತಿತ್ತು. ಪರಿಚಯವಿಲ್ಲದ ಮನೆಯ ಬಾಗಿಲಲ್ಲಿ ಬಟ್ಟಲು ಹಿಡಿದು ನಿಲ್ಲುವುದು ನನ್ನಿಂದ ಆಗಲಿಲ್ಲ. ಎರಡು ಸಲ ಓಣಿಯ ತಿರುವಿನವರೆಗೆ ಹೋಗಿ ಮರಳಿದೆ. ಸಂಜೆಯ ಹೊತ್ತಿಗೆ ಮೊಸರು ಹುಳಿಯಾಗಿತ್ತು. ಅವ್ವ ಫೋನಿನಲ್ಲಿ ಕೇಳಿದಳು, "ದಾನ ಆತಿಲ್ಲ?"

"ಆತು" ಅಂದೆ.

ಸುಳ್ಳು ಹೇಳಿದ ಮೇಲೆ ಮೊಸರನ್ನೂ ತಿನ್ನುವುದು ಬೇಡ ಎನಿಸಿತು. ಎರಡರಲ್ಲಿ ಒಂದಾದರೂ ನೆಟ್ಟಗಿರಲಿ ಎಂಬ ಲೆಕ್ಕ. ಕೂಡಲೇ ಹಾಲಿನ ತಿಂಗಳು ಶುರುವಾಯಿತು. ಅದು ಮುಗಿದಾಗಲೂ ಹೀಗೆಯೇ ಆಯಿತು. ಬೇಳೆಯ ತಿಂಗಳು ಮುಗಿಯುವಾಗ ನಾನು ಮಾನ್ವಿಯಲ್ಲಿದ್ದೆ, ಅವ್ವನೇ ಇಬ್ಬರ ಹೆಸರಿನಲ್ಲೂ ಬೇಳೆ ಕೊಟ್ಟಳು. ಬೇಳೆ ನನ್ನ ತಟ್ಟೆಗೆ ಮರಳಿತು. ಹಾಲು ಮೊಸರು ಮರಳಲಿಲ್ಲ.

ಮುಂದಿನ ವರ್ಷ ಸರಿಪಡಿಸಿದರಾಯಿತು ಎಂದುಕೊಂಡಿದ್ದೆ. ಆದರೆ ಮುಂದಿನ ವರ್ಷ ಬಂದಾಗ ಸರಿಪಡಿಸುವ ಮನಸ್ಸೇ ಇರಲಿಲ್ಲ. ಯಾರಿಗೂ ಕಾಣದ ಒಂದು ನಿಯಮ ನನ್ನದಾಗಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಚಹಾದ ತಟ್ಟೆ ಬಂದಾಗ ಬೇಡ ಎನ್ನುವುದರಲ್ಲಿ ಒಂದು ಸುಖ ಸಿಗತೊಡಗಿತ್ತು. ತಪ್ಪಿಗೆ ಶಿಕ್ಷೆ ಎಂದು ಶುರುವಾದದ್ದು ನನ್ನ ದೊಡ್ಡಸ್ತಿಕೆಯಾಗಿತ್ತು. ಹೀಗೆ ಮೂರನೆಯ ವರ್ಷ ನಡೆಯುತ್ತಿತ್ತು.

ಮಾನ್ವಿಯಲ್ಲಿ ಸಾರನ್ನ ಮುಗಿಯುತ್ತಲೇ ಎದ್ದುಬಿಡುತ್ತಿದ್ದೆ. ಮೊಸರಿನ ವಾಸನೆ ಈಗೀಗ ಆಗುವುದಿಲ್ಲ ಎಂದು ಹೇಳಿದ್ದೆ. ಅವ್ವ ಪಕ್ಕದ ಮನೆಯವರ ಎದುರು ಚೇಷ್ಟೆ ಮಾಡುತ್ತಿದ್ದಳು. "ಮೊಸರನ್ನಕ್ಕ ಮೊದಲ ಏಳ್ತಾಳ ನೋಡ್ರಿ ನಮ್ಮ ಲೆಕ್ಚರರು. ಸಂಬಳ ಬಂದ ಮ್ಯಾಲೆ ಮೊಸರು ಸಣ್ಣದಾಗ್ಯದ."

ಆಸ್ಪತ್ರೆಯಿಂದ ಮರಳಿದ ರಾತ್ರಿ ರೇಣುಕಾ ಮೊಸರಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ನನ್ನ ಅನ್ನದ ಮೇಲೆ ಸುರಿದಳು.

"ನಿನ್ನ ಸಲುವಾಗಿ ಈ ಕೋಣ್ಯಾಗ ನಾ ಒಂದ ತತ್ತಿ ಒಡದಿಲ್ಲ. ನೀ ನೋಡಿದ್ರ ಹಾಲು ಸೈತ ಬಿಟ್ಟು ಕುಂತಿ. ಉಣ್ಣು."

"ಇನ್ನ ಮುಂದ ನೀ ಇಲ್ಲೇ ಮಾಡ್ಕೋ," ಅಂದೆ. "ಮೀನೂ ಮಾಡ್ಕೋ."

"ಈ ಮಾತು ಮೊದಲ ಅಂದಿದ್ರ ನಾ ಯಾವಾಗೋ ಮಾಡ್ತಿದ್ನೆಲ್ಲ ಬೇ," ಎಂದು ಅವಳು ತನ್ನ ತಟ್ಟೆಯ ಕಡೆ ತಿರುಗಿದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೊಸರನ್ನ ಉಂಡೆ. ಉರಿಯುವ ನಾಲಿಗೆಗೆ ತಂಪಾಯಿತು. ಅಷ್ಟೇ. ಇಷ್ಟೇ ಆಗಿತ್ತೇ ಎಂದುಕೊಂಡು ತಟ್ಟೆ ತೊಳೆಯುವ ನೆಪದಲ್ಲಿ ಹೊರಗೆ ಹೋಗಿ ಅತ್ತೆ.

ಅವ್ವನಿಗೆ ಅರ್ಧ ಮಾತ್ರ ಹೇಳಿದೆ. ಒಂದು ಜೀವಸತ್ವ ಕಡಿಮೆಯಾಗಿದೆ, ಕಾಲಿಗೆ ಖಬರಿಲ್ಲ, ಇಂಜೆಕ್ಷನ್ ಹಾಕಿಸಿಕೊಳ್ಳಬೇಕು, ಹಾಲು ಮೊಸರು ಬಿಡಬಾರದಂತೆ. ಅವ್ವ ಒಲೆ ಆರಿಸಿ ಅಡುಗೆಮನೆಯ ನೆಲದ ಮೇಲೆ ಕುಳಿತುಕೊಂಡಳು.

"ನನ್ನ ಕೈಯಾಗಿನ ಅಡಗಿ ಉಂಡು ನಿನ್ನ ಕಾಲು ಹಿಂಗಾದ್ವೇನ?"

"ಅದಲ್ಲವ್ವ."

"ಮತ್ತೇನು?"

ಅಲ್ಲಿಯೇ ಹೇಳಬೇಕಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು, "ಡಾಕ್ಟ್ರು ತತ್ತಿ ತಿನ್ನು ಅಂದ್ರೇನು?"

"ತಿಂತೀರೇನು ಅಂತ ಕೇಳಿದ್ರು."

"ತಿನ್ನಬೇಕಂದ್ರ ತಿನ್ನು. ನನ್ನ ಮುಂದ ಬ್ಯಾಡ, ಈ ಮನ್ಯಾಗ ಬ್ಯಾಡ. ಆದ್ರ ತಿನ್ನು."

ಬೆಳ್ಳುಳ್ಳಿಯನ್ನೂ ಒಳಗೆ ತಾರದ ಮನೆ ಅದು. ಆ ಮಾತನ್ನು ಆಡಲು ಅವ್ವ ಎಷ್ಟು ದೂರ ನಡೆದು ಬಂದಿರಬೇಕು ಎಂದು ನನಗೆ ಗೊತ್ತು. ನಾನು ಅವಳ ಕಡೆಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. "ಅದರ ಜರೂರಿ ಇಲ್ಲ, ಹಾಲು ಮತ್ತ ಸೂಜಿ ಸಾಕಂತ," ಎಂದು ಎದ್ದೆ.

ಮೊದಲು ದಿನ ಬಿಟ್ಟು ದಿನ ಸೂಜಿ, ಆಮೇಲೆ ವಾರಕ್ಕೊಂದು. ಔಷಧಿಯ ಬಣ್ಣ ದಾಳಿಂಬೆ ರಸದ್ದು. ದೇವದುರ್ಗದ ನರ್ಸಮ್ಮ ಪ್ರತಿಸಲವೂ "ಇರಿವಿ ಕಚ್ಚಿದಂಗ ಆಗ್ತದ ನೋಡ್ರಿ" ಎನ್ನುತ್ತಿದ್ದಳು. ಇರುವೆ ಕಚ್ಚಿದ ಹಾಗೆ ಎಂದೂ ಇರಲಿಲ್ಲ. ನಾಲಿಗೆ ಎಲ್ಲಕ್ಕಿಂತ ಮೊದಲು ಮರಳಿತು. ಒಂದು ಮಧ್ಯಾಹ್ನ ಪುಂಡಿಪಲ್ಯದ ಹುಳಿ ಹುಳಿಯಾಗಿಯೇ ತಾಗಿದಾಗ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡೆ. ಹೆಸರುಗಳು ಒಂದೊಂದಾಗಿ ಬಂದವು. ಕಾಲು ಮಾತ್ರ ಮೊದಲಿಗಿಂತ ಹೆಚ್ಚು ಜುಮುಗುಡತೊಡಗಿದಾಗ ಹೆದರಿದೆ. ನರ ಎಚ್ಚರಗೊಳ್ಳುವಾಗ ಹೀಗಾಗಬಹುದು ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಇದನ್ನು ಓದುವವರಲ್ಲಿ ಯಾರಿಗಾದರೂ ಹಾಗಾಗುತ್ತಿದ್ದರೆ, ನನ್ನ ಹಾಗೆ ಕತ್ತಲಲ್ಲಿ ಕಾಲು ಹಿಡಿದು ಕೂರುವ ಬದಲು ಕೇಳಿ ತಿಳಿದುಕೊಳ್ಳಿ.

ಭಾನುವಾರಗಳಂದು ಅವ್ವ ಪರೀಕ್ಷೆ ಮಾಡುತ್ತಿದ್ದಳು. ಊಟವಾದ ಮೇಲೆ ನಡುಮನೆಯಲ್ಲಿ ನನ್ನ ಕಾಲು ಚಾಚಿಸಿ, ಹೊಸ ಕಸಬರಿಗೆಯಿಂದ ಒಂದು ಕಡ್ಡಿ ಮುರಿದುಕೊಂಡು ಕೂರುತ್ತಿದ್ದಳು.

"ಕಣ್ ಮುಚ್ಚು. ಈಗ ಯಾವ ಬೆರಳು?"

"ಹೆಬ್ಬೆರಳು."

"ಈಗ?"

"...ಗೊತ್ತಾಗಲಿಲ್ಲ."

"ಹೂಂ. ಬಲಗಾಲು ಪಾಸು. ಎಡಗಾಲಿಗೆ ಮರುಪರೀಕ್ಷೆ."

ಅವಳು ನಗಿಸುತ್ತಿದ್ದಳು. ನಾನು ನಗುತ್ತಿದ್ದೆ. ಊಟದ ಕೊನೆಗೆ ನನ್ನ ತಟ್ಟೆಗೆ ಮೊಸರು ಸುರಿದು ಅವಳು ಎದ್ದುಹೋಗುತ್ತಿದ್ದುದು ನನ್ನ ಗಮನಕ್ಕೆ ಬರಲು ಬಹಳ ವಾರಗಳು ಹಿಡಿದವು. ಮೊದಲು ಕೇಳಿದಾಗ "ಹೊಟ್ಟಿ ಭಾರ ಆಗ್ಯದ" ಅಂದಳು. ಮುಂದಿನ ವಾರ ಅವಳ ಚಹಾ ನೋಡಿದೆ. ಬರೀ ಕಪ್ಪು ನೀರು.

"ಅವ್ವ, ಹಾಲು ಯಾಕ ಹಾಕ್ಕೊಂಡಿಲ್ಲ?"

ಅವಳು ಲೋಟವನ್ನು ಸೆರಗಿನ ಮರೆಗೆ ಸರಿಸಿದಳು. ಆಮೇಲೆ, ಸಿಕ್ಕಿಬಿದ್ದವರ ಹಾಗೆ ಸಣ್ಣಗೆ ನಕ್ಕಳು. "ದೇವರ ಮುಂದ ಹೇಳೀನಿ. ನಿನ್ನ ಹತ್ತೂ ಬೆರಳಿಗೆ ಖಬರ ಬರೋತನಕ ಹಾಲು ಮೊಸರು ಮುಟ್ಟಂಗಿಲ್ಲಂತ."

"ಯಾವಾಗಿಂದ?"

"ನೀ ಬಂದು ಹೇಳಿದ ದಿನದಿಂದನ."

ನನ್ನ ಎಡಗಾಲಿನ ಎರಡು ಬೆರಳುಗಳು ಕೊನೆಯವರೆಗೂ ಹೀಗೆಯೇ ಉಳಿಯಬಹುದು ಎಂದು ಡಾಕ್ಟರು ಅಷ್ಟರಲ್ಲಿ ಹೇಳಿದ್ದರು. ಅವ್ವನಿಗೆ ಅದನ್ನು ನಾನು ತಿಳಿಸಿರಲಿಲ್ಲ. ಹಾಗಾದರೆ ಈ ಹರಕೆಗೆ ಕೊನೆಯಿಲ್ಲ. ನನಗಿಂತ ಎರಡು ಪಟ್ಟು ವಯಸ್ಸಿನವಳು, ನಾನು ಮೂರು ವರ್ಷ ನಡೆದು ಬಂದ ದಾರಿಯಲ್ಲಿ, ನನಗಾಗಿ ಹೊರಟಿದ್ದಳು. ಅವಳು ಅಂಗಳದ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುವುದನ್ನು ನೋಡಿ 'ವಯಸ್ಸಾಯಿತು' ಎಂದುಕೊಂಡಿದ್ದೆನಲ್ಲ, ಅದೂ ನೆನಪಾಯಿತು. ಬಿಸಿಲು, ನಿದ್ದೆ, ಬಸ್ಸಿನ ಓಡಾಟ ಎಂದುಕೊಂಡಿದ್ದ ಹಾಗೆಯೇ. ಕರೆದುಕೊಂಡು ಬನ್ನಿ ಎಂದು ಡಾಕ್ಟರು ಹೇಳಿ ತಿಂಗಳುಗಳಾಗಿದ್ದವು.

ಒಂದು ವಾರ ಯೋಚಿಸಿದೆ. ನನಗೆ ಹೊಳೆದದ್ದು ಇನ್ನೊಂದು ಸುಳ್ಳು. ಹತ್ತೂ ಬೆರಳಿಗೆ ಖಬರು ಬಂದಿದೆ ಎಂದುಬಿಟ್ಟರೆ ಅವ್ವ ಅಂದೇ ಹಾಲು ಕುಡಿಯುತ್ತಾಳೆ.

ಮುಂದಿನ ಭಾನುವಾರ ಕಾಲು ಚಾಚಿ ಕುಳಿತೆ. ಕಣ್ಣು ಮುಚ್ಚಿದೆ. ಬಲಗಾಲು ಸರಿಯಾಗಿಯೇ ಹೇಳಿದೆ. ಎಡಗಾಲಿಗೆ ಬಂದಾಗ ಅವಳ ಸೀರೆಯ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ಕಿವಿಗೊಟ್ಟು ಊಹಿಸಿದೆ.

"ಈಗ?"

"ಕಿರುಬೆರಳು."

"ಈಗ?"

"ಅದರ ಬಾಜೂದು."

"ಮತ್ತ ಈಗ?"

"ನಡುವಿಂದು. ಛಲೋ ಗೊತ್ತಾತವ್ವ, ಚುಚ್ಚಿದಂಗ ಆತು."

ಮುಂದಿನ ಪ್ರಶ್ನೆ ಬರಲಿಲ್ಲ. ಕಣ್ಣು ತೆರೆದೆ. ಕಡ್ಡಿ ನೆಲದ ಮೇಲೆ ಬಿದ್ದಿತ್ತು. ಅವ್ವನ ಎರಡೂ ಕೈಗಳು ಅವಳ ಮಡಿಲಲ್ಲಿದ್ದವು.

"ನಾ ಮುಟ್ಟೇ ಇಲ್ಲ, ಪದ್ದಿ," ಅಂದಳು.

ಗುಮಾಸ್ತೆಯಾಗಿ ಎಷ್ಟೋ ಜನರ ರಜೆಯ ಕಾರಣಗಳನ್ನು ಕೇಳಿದವಳು. ನನಗೆ ಬೈಯಲಿಲ್ಲ, ಕಾದಳು. ಆಗ ಎಲ್ಲ ಹೇಳಿದೆ. ಬಟ್ಟಲು, ಓಣಿಯ ತಿರುವು, ಫೋನಿನಲ್ಲಿ ಹೇಳಿದ "ಆತು", ವಾಸನೆಯ ನೆಪ, ಚಹಾ ಬೇಡ ಎನ್ನುವಾಗಿನ ಸುಖ. ಡಾಕ್ಟರು ಅವಳನ್ನು ಕರೆತರಲು ಹೇಳಿದ್ದು, ಎರಡು ಬೆರಳಿನ ಬಗ್ಗೆ ಹೇಳಿದ್ದು.

"ಮೊಸರು ಕೊಡ್ಲಿಕ್ಕೆ ನಾಚಿಕಿ ಬಂತು," ಅವ್ವನ ದನಿ ನಿಧಾನವಾಗಿತ್ತು. "ಕಾಲು ಕಳಕೊಳ್ಳಿಕ್ಕೆ ನಾಚಿಕಿ ಬರಲಿಲ್ಲ. ಹುಚ್ಚಿ, ಯಾರೂ ಸಿಗಲಿಲ್ಲಂದ್ರ ತುಳಸಿ ಮುಂದ ಇಟ್ಟು ಕೈ ಮುಗದಿದ್ರ ಆಗ್ತಿತ್ತು. ನನಗೊಂದು ಮಾತು ಕೇಳಿದ್ರ ಆಗ್ತಿತ್ತು. ಬಾಜೂಕ ಕೂತಿದ್ದಳಲ್ಲ, ಆ ರೇಣುಕಾಗ ಕೊಡಬೇಕಿತ್ತು."

"ರೇಣುಕಾಗ? ಶಾಸ್ತ್ರಕ್ಕ ನಡೀತಿತ್ತೇನು?"

"ನಡೀತಿತ್ತೋ ಇಲ್ಲೋ. ನಿನ್ನ ಕಾಲಂತೂ ನಡೀತಿದ್ವು."

ಅವಳು ನಗಲಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ. ನಮ್ಮ ಮನೆಯಲ್ಲಿ ಅದು ಅಪರೂಪ. "ಈಗ ಗೊತ್ತಾತಲ್ಲ. ಇದು ನಾ ಮಾಡಿಕೊಂಡದ್ದು. ನೀ ಯಾಕ ಅನುಭವಿಸ್ಬೇಕು? ಹರಕಿ ಬಿಡು. ಹಾಲು ತಗೋ."

"ಹೇಳೀನಿ ಅಂದ್ರ ಹೇಳೀನಿ. ನಿನ್ನಂಗ ಅರ್ಧಕ್ಕ ಬಿಡಾಕಿ ಅಲ್ಲ ನಾ."

"ಎರಡು ಬೆರಳು ಬರಲೇ ಇಲ್ಲಂದ್ರ?"

"ಬರಲಿಲ್ಲಂದ್ರ ಇಲ್ಲ."

ಬೇಡಿಕೊಂಡೆ, ಸಿಟ್ಟು ಮಾಡಿದೆ, ಅತ್ತೆ. ಅವಳು ಅಕ್ಕಿ ಆರಿಸುವ ಮೊರ ಹಿಡಿದು ಕೂತಳು. ಅವ್ವನ ಜೊತೆ ವಾದಿಸಬೇಕಾದದ್ದು ಅವಳ ಕಚೇರಿಯ ಭಾಷೆಯಲ್ಲಿ ಎಂದು ಆಗ ಹೊಳೆಯಿತು.

"ನೀ ದೇವರ ಮುಂದ ಹೇಳಿದ್ದು ಏನು? ಶಬ್ದಶಃ ಹೇಳು."

"ಹಾಲು ಮೊಸರು ಮುಟ್ಟಂಗಿಲ್ಲಂತ."

"ಸೂಜಿ ಹಾಕಿಸ್ಕೊಳ್ಳಂಗಿಲ್ಲ ಅಂತ ಹೇಳೀಯೇನು?"

ಅವಳು ಕಲ್ಲೊಂದನ್ನು ಆರಿಸಿ ತೆಗೆದಳು. "ಇಲ್ಲ. ಆದ್ರ ಆ ಔಷಧ ರಕ್ತದಂಗ ಇರ್ತದಂದಿ. ಯಾವುದರಿಂದ ಮಾಡ್ತಾರ?"

"ಪ್ರಾಣಿಯಿಂದ ಅಲ್ಲವ್ವ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿ ಇರ್ತಾವ, ದೊಡ್ಡ ಹಂಡೇದಾಗ ಹೆಪ್ಪು ಹಾಕಿದಂಗ ಬೆಳಸ್ತಾರ. ಮೊಸರಾಗ್ತದಲ್ಲ, ಹಂಗ."

ಮೊರ ನಿಂತಿತು. "ಹಂಗಿದ್ರ ಅದೂ ಮೊಸರಿನ ಜಾತೀದ ಆತಲ್ಲ?"

ನನ್ನ ಜಾಣತನಕ್ಕೆ ನಾನೇ ಬೈದುಕೊಂಡೆ. "ಮೊಸರಂದ್ರ ಹಾಲಿಂದ ಆಗಬೇಕು. ಇದಕ್ಕ ಒಂದ ಹನಿ ಹಾಲು ಹಾಕಂಗಿಲ್ಲ."

"ಖರೇ ಹೇಳ್ತಿಯೇನು? ಈಗ ನಿನ್ನ ಮಾತಿನ ಮ್ಯಾಲೆ ನನಗ ಪೂರಾ ಭರೋಸಾ ಇಲ್ಲ."

"ಖರೇ."

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆ ನೋಟ ನನಗೆ ಸಲ್ಲಬೇಕಾದದ್ದೇ. "ಹಂಗಾದ್ರ ಅಡ್ಡಿ ಇಲ್ಲ," ಅಂದಳು. "ಆದ್ರ ಮೊದಲ ರಕ್ತ ನೋಡ್ಲಿ. ಕಾರಣ ಇಲ್ಲದ ನಾ ಏನೂ ಚುಚ್ಚಿಸ್ಕೊಳ್ಳಂಗಿಲ್ಲ."

ಕಾರಣ ಇತ್ತು. ಅವಳ ರಕ್ತದಲ್ಲಿಯೂ ಅದು ತೀರಾ ಕಡಿಮೆ ಎಂದು ವರದಿ ಬಂತು. ಈ ಕೆಲವು ತಿಂಗಳ ಹರಕೆಯಿಂದಷ್ಟೇ ಅಲ್ಲ, ಬಹಳ ಹಿಂದಿನಿಂದಲೇ ಇಳಿಯುತ್ತಾ ಬಂದಿರಬೇಕು ಎಂದರು ಡಾಕ್ಟರು. ನಾನು ಮೊದಲೇ ಕರೆದುಕೊಂಡು ಹೋಗಿದ್ದರೆ ಅವಳು ಅಲ್ಲಿಯವರೆಗೆ ಯಾರಿಗೂ ಹೇಳದಿದ್ದ ಪಾದದ ಉರಿ ಇಷ್ಟಕ್ಕೆ ಬರುತ್ತಿರಲಿಲ್ಲ. ಈಗ ಇಬ್ಬರಿಗೂ ತಿಂಗಳಿಗೊಂದು ಸೂಜಿ. ಅವಳು ಗೋಡೆ ಹಿಡಿಯದೆ ಮೆಟ್ಟಿಲಿಳಿಯುತ್ತಾಳೆ. ನನ್ನ ಎರಡು ಬೆರಳು ಇನ್ನೂ ಸುಮ್ಮನಿವೆ, ಅವ್ವ ಇನ್ನೂ ಕಪ್ಪು ಚಹಾ ಕುಡಿಯುತ್ತಾಳೆ. ಆಸ್ಪತ್ರೆಯಲ್ಲಿ ಯಾರಾದರೂ "ಗುಣ ಆತೇನ್ರಿ?" ಎಂದು ಕೇಳಿದರೆ ಹೌದು ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ.

ನಾನು ಎಲ್ಲ ಹೇಳಿದ ಆ ಭಾನುವಾರದ ಮರುದಿನ ಬೆಳಿಗ್ಗೆ, ಅವ್ವನ ರಕ್ತ ಪರೀಕ್ಷೆಗೆಂದು ಮೊದಲ ಬಸ್ಸಿಗೆ ಇಬ್ಬರೂ ರಾಯಚೂರಿಗೆ ಹೊರಟಿದ್ದೆವು. ಬಸ್ಸಿನಲ್ಲಿ ಅವ್ವ ಚೀಲವನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದಿದ್ದಳು. ಸೂಜಿ ಚುಚ್ಚುವಾಗ ಗೋಡೆಯ ಕಡೆ ಮುಖ ಮಾಡಿ ಸ್ತೋತ್ರ ಹೇಳಿಕೊಂಡಳು. ರಕ್ತ ಕೊಟ್ಟ ಮೇಲೆ ಹೊರಗಿನ ಬೆಂಚಿನಲ್ಲಿ ಕುಳಿತೆವು. ಅವಳು ಹೊರಗೆ ಏನೂ ತಿನ್ನುವವಳಲ್ಲ. ತಾನು ತಂದ ಅವಲಕ್ಕಿಯನ್ನು ನಾಲ್ಕು ತುತ್ತು ತಿಂದಳು. ಆಮೇಲೆ, ಹತ್ತಿ ಒತ್ತಿಕೊಂಡಿದ್ದ ತೋಳನ್ನು ಮಡಚಿಯೇ, ಇನ್ನೊಂದು ಕೈಯಿಂದ ಚೀಲದೊಳಗಿನಿಂದ ಫ್ಲಾಸ್ಕು ತೆಗೆದಳು. ನಾನು ಏಳುವ ಮೊದಲೇ ಎದ್ದು ಹಾಲು ಕಾಸಿ ತುಂಬಿದ್ದಳು. ಮುಚ್ಚಳಕ್ಕೆ ಸುರಿದು ನನ್ನ ಕಡೆ ಚಾಚಿದಳು.

"ನಿನ್ನ ಮುಂದ ಇಳಿಯೂದಿಲ್ಲವ್ವ."

"ಇಳೀತದ. ಬಿಸಿ ಇದ್ದಾಗ ಕುಡಿ."

ಎದುರಿನ ಬೆಂಚಿನವರು ನೋಡುತ್ತಿದ್ದರು. ಮುಚ್ಚಳವನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಅವ್ವ ನೋಡುತ್ತಿರುವಂತೆಯೇ, ಅಂಚಿಗಂಟಿದ್ದ ಕೆನೆಯನ್ನೂ ಬಿಡದೆ ಕುಡಿದೆ. ಅವಳು ಫ್ಲಾಸ್ಕು ಬಗ್ಗಿಸಿ ಇನ್ನಷ್ಟು ಸುರಿದಳು. ಅದನ್ನೂ ಕುಡಿದೆ.